ಎರಡು ಚಮಚ ಒಗರು

ಅಪ್ಪಾ,

ಇವತ್ತು ನಮ್ಮ ಬೋರ್ಡೋ ವೈನಿನ ಮಿಶ್ರಣಕ್ಕೆ ಕೂತಿದ್ವಿ, ನಾನು ಮತ್ತು ನಿನ್ನ ಹಳೇ ತೋಟದ ಮೇಸ್ತ್ರಿ ಒಡಿಲೋನ್. ಮೆರ್ಲೋ ದ್ರಾಕ್ಷಿಯ ವೈನು ಮೆತ್ತಗಿತ್ತು, ಕ್ಯಾಬರ್ನೆ ದ್ರಾಕ್ಷಿಯದು ಸೆಟೆದು ನಿಂತಿತ್ತು. ಹೇಗೆ ಬೆರೆಸಿದರೂ ಸಪ್ಪೆ. ರುಚಿ ನೋಡಿ ಹನ್ನೊಂದು ಸಲ ಉಗಿದೆ. ಆಗ ಒಡಿಲೋನ್, ಬಾವಿ ಪಕ್ಕದ ನಿನ್ನ ಹಳೇ ಬಳ್ಳಿಗಳ ವೈನನ್ನ ಎರಡು ಚಮಚ ಸುರಿದ. ಅಬ್ಬಾ, ಅದರ ರುಚಿ ಗಂಟಲಿಗಿಳಿದ ಮೇಲೂ ನಾಲಿಗೆ ಬಿಡಲಿಲ್ಲ!

"ನಿಮ್ಮಪ್ಪ ಪ್ರತಿ ವರ್ಷ ಹೀಗೇ ಮಾಡ್ತಿದ್ರು ಕಣಮ್ಮ. ಯಾರಿಗೂ ಹೇಳ್ಬೇಡ ಅಂದಿದ್ರು."

"ನನಗೂನಾ?"

"ಅವಳೇ ಬಂದು ಕೇಳಲಿ ಅಂತಿದ್ರು."

ಕೇಳಬೇಕಿತ್ತಂತೆ! ನೀನು ಬದುಕಿದ್ದಾಗಲೇ ಒಂದು ಮಾತು ಹೇಳಿದ್ದರೆ ಏನು ಗಂಟು ಹೋಗ್ತಿತ್ತು? ನಾನು ಆ ವೈನನ್ನ ಬೆರೆಸದೆ ಹಾಗೇ ಕುಡಿದು, ಥೂ ಒಗರು ಅಂತ, ಈ ಸಲ ಕೊಯ್ಲು ಮುಗಿದ ವಾರವೇ ಆ ಬಳ್ಳಿಗಳನ್ನೆಲ್ಲ ಬುಡಸಮೇತ ಕೀಳಿಸಿಬಿಟ್ಟೆ.

ಮಧ್ಯಾಹ್ನ ಒಡಿಲೋನ್ ಊಟಕ್ಕೆ ಮಾಂಸ ಸುಟ್ಟ. ಕೆಂಡ ಆ ಬಳ್ಳಿಗಳದ್ದೇ.