ನನ್ನ ಚಿತ್ರ ಮಾರಿ ಕೊಂಡ ಫಿರಂಗಿ

ಮಾರ್ಚ್ ೧೪, ಬೆಳಗ್ಗೆ
ಅಂಗಡಿಯಿಂದ

ನನ್ನ ಮೊದ್ದುಮಣಿಗೆ,

ಅಕ್ಕನ ಪ್ರೀತಿ. ನೀನೂ ನಿನ್ನ ಹೆಂಡತಿಯೂ ಚೆನ್ನಾಗಿದ್ದೀರೆಂದು ತಿಳಿದಿದ್ದೇನೆ. ಆಸ್ಪತ್ರೆಯಿಂದ ಬಂದ ಕೂಡಲೇ ಬರೆಯುತ್ತೇನೆಂದು ಹೇಳಿ ಇಷ್ಟು ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೊದಲು ನಿಶ್ಶಕ್ತಿಯಿಂದ ಪೆನ್ನು ಹಿಡಿಯಲಾಗಲಿಲ್ಲ, ಆಮೇಲೆ ಸಿಟ್ಟಿನಿಂದ. ಫೋನಿನಲ್ಲೇ ಬೈಯಬಹುದಿತ್ತು. ಆದರೆ ನಾನು ದನಿ ಏರಿಸಿದರೆ ಸಾಕು, "ಅಕ್ಕಾ, ಲಿಫ್ಟ್ ಒಳಗಿದೀನಿ, ಸಿಗ್ನಲ್ ಸಿಗ್ತಿಲ್ಲ" ಎಂದು ಇಟ್ಟುಬಿಡುತ್ತೀಯ. ಲಿಫ್ಟ್ ರಿಪೇರಿ ಮಾಡುವವನಿಗೆ ನೆಪಕ್ಕೇನು ಬರ! ಕಾಗದವನ್ನಾದರೆ ಕೊನೆಯವರೆಗೂ ಓದಲೇಬೇಕು. ಕೂತುಕೊಂಡು ಓದು.

ಅಂಗಡಿ ಮತ್ತೆ ತೆರೆದಿದ್ದೇನೆ. ಫೋಟೋ ಕಟ್ಟಿಗೆ ಗಾಜು ಕತ್ತರಿಸಲು ನಿನ್ನ ಭಾವ ನನ್ನನ್ನು ಬಿಡುತ್ತಿಲ್ಲ, ತಾವೇ ಕತ್ತರಿಸಿ ತಾವೇ ಒಡೆಯುತ್ತಾರೆ. ನಿನ್ನೆ ಒಬ್ಬರು ಮಗಳ ಪದವಿಪತ್ರಕ್ಕೆ ಕಟ್ಟು ಹಾಕಿಸಲು ಬಂದಿದ್ದರು. ಇವರು ಅದನ್ನು ಓರೆಯಾಗಿ ಕೂರಿಸಿಕೊಟ್ಟರು. ಆ ಪುಣ್ಯಾತ್ಮ, "ಇರ್ಲಿ ಬಿಡಿ, ನಮ್ಮನೆ ಗೋಡೆನೂ ಓರೆನೇ" ಎಂದು ನಗುತ್ತಾ ತೆಗೆದುಕೊಂಡು ಹೋದರು.

ಈಗ ವಿಷಯಕ್ಕೆ ಬರುತ್ತೇನೆ. ಯಾರನ್ನು ಕೇಳಿ ನನ್ನ ಚಿತ್ರಗಳನ್ನು ಮಾರಿದೆ?

ಕಂಪ್ಯೂಟರಿನಲ್ಲಿ ರಾಜ್ಯ ಕಟ್ಟುವ ಈ ಆಟ ಕಲಿಸಿದವನು ನೀನೇ. ಇಬ್ಬರಿಗೂ ಸೇರಿ ಒಂದೇ ರಾಜ್ಯ. ಸಂಜೆ ನೀನೊಂದು ಸರದಿ ಆಡಿ ಆಟವನ್ನು ನನ್ನ ಕಂಪ್ಯೂಟರಿಗೆ ಕಳಿಸುವುದು, ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ನಾನೊಂದು ಸರದಿ ಆಡಿ ನಿನಗೆ ಕಳಿಸುವುದು. ಸೈನ್ಯ, ಗಡಿ, ಕೋಟೆ ನಿನ್ನ ಪಾಲಿಗೆ. ಊರುಗಳು ನನ್ನ ಪಾಲಿಗೆ. ಹೀಗೆಂದು ಇಬ್ಬರೂ ಒಪ್ಪಿಯೇ ಶುರು ಮಾಡಿದ್ದು. "ಹೆಂಗೆ ಗೆಲ್ಲೋಣ ಅಕ್ಕಾ, ಯುದ್ಧ ಮಾಡಿನಾ, ರಾಕೆಟ್ ಹಾರಿಸಿನಾ?" ಎಂದು ನೀನು ಕೇಳಿದ್ದೆ. "ಎರಡೂ ಬೇಡ, ಸಂಸ್ಕೃತಿಯಿಂದ ಗೆಲ್ಲೋಣ. ನಮ್ಮ ಹಾಡು ಕೇಳೋಕೆ, ಚಿತ್ರ ನೋಡೋಕೆ ಎಲ್ಲಾ ದೇಶದವ್ರೂ ತಾವಾಗೇ ಹುಡುಕ್ಕೊಂಡು ಬರ್ಬೇಕು" ಎಂದಿದ್ದೆ. "ಅಯ್ಯೋ, ಅದು ಮುಗಿಯೋದೇ ಇಲ್ಲ" ಎಂದು ಮೂಗು ಮುರಿದೆ. ಮುರಿದರೂ ಒಪ್ಪಿದೆ ತಾನೇ?

ನೀನು ಶಸ್ತ್ರಾಗಾರ ಬೇಕೆಂದ ಕಡೆಯಲ್ಲೆಲ್ಲ ನಿನ್ನ ಕಣ್ತಪ್ಪಿಸಿ ರಂಗಮಂದಿರ ಕಟ್ಟಿದೆ. ಕುದುರೆ ಕೊಟ್ಟು, ಗೋಧಿ ಕೊಟ್ಟು, ಹಲ್ಲು ಗಿಂಜಿ ಪರದೇಶದಿಂದ ನಮ್ಮ ರಾಜ್ಯದ ವಸ್ತುಸಂಗ್ರಹಾಲಯಕ್ಕೆ ಚಿತ್ರಗಳನ್ನು ತರಿಸಿದೆ. ಯಾವ ಚಿತ್ರದ ಪಕ್ಕ ಯಾವುದಿದ್ದರೆ ಒಪ್ಪುತ್ತದೆಂದು ಗಿರಾಕಿಗಳನ್ನು ನಿಲ್ಲಿಸಿಕೊಂಡೇ ಯೋಚಿಸಿದ್ದೇನೆ. ಪಾಪ, ಅವರು ನಾನು ಲೆಕ್ಕ ಬರೆಯುತ್ತಿದ್ದೇನೆ ಅಂದುಕೊಂಡಿದ್ದರು. ಪಕ್ಕದ ದೇಶದ ಗಡ್ಡದ ರಾಜನಿದ್ದಾನಲ್ಲ, ಕಂಪ್ಯೂಟರು ಆಡಿಸುವ ಆ ಸಿಡುಕ, ಅವನ ಪ್ರಜೆಗಳೂ ಗುಂಪುಗುಂಪಾಗಿ ನಮ್ಮ ವಸ್ತುಸಂಗ್ರಹಾಲಯಕ್ಕೆ ಬರತೊಡಗಿದ್ದರು. ಉಳಿದ ರಾಜರೆಲ್ಲ ಆಗಲೇ ಒಲಿದಿದ್ದರು. ಇವನೊಬ್ಬನ ಮಂದಿ ನಮ್ಮ ಕಡೆ ವಾಲಿದ್ದರೆ ಮುಗಿದಿತ್ತು.

ಆಪರೇಷನ್ನಿಗೆ ಹೋಗುವಾಗ ನಿನಗೆ ಬಾಯಿಬಿಟ್ಟು ಹೇಳಿದ್ದೆ: "ನನ್ನ ಸರದಿನೂ ನೀನೇ ಆಡು. ಏನೂ ಬದಲಾಯಿಸ್ಬೇಡ, ಸುಮ್ನೆ 'ಮುಂದೆ' ಅನ್ನೋ ಗುಂಡಿ ಒತ್ತು." "ಆಯ್ತಕ್ಕಾ" ಎಂದು ತಲೆಯಾಡಿಸಿದವನು ನೀನೇ.

ಅಂಗಡಿಗೆ ಬಂದವಳೇ ಆಟ ತೆರೆದರೆ ಕಹಳೆ, ನಗಾರಿ! ಯುದ್ಧದಲ್ಲಿ ಗೆದ್ದಿದ್ದೀರಿ ಅಂತೆ! ವಸ್ತುಸಂಗ್ರಹಾಲಯದೊಳಗೆ ನೋಡಿದರೆ ಬರೀ ಖಾಲಿ ಚೌಕಗಳು. ನನ್ನ ಚಿತ್ರಗಳನ್ನೆಲ್ಲ ಆ ಗಡ್ಡದವನಿಗೇ ಮಾರಿ, ಅವನ ಚಿನ್ನದಿಂದಲೇ ಫಿರಂಗಿ ಕೊಂಡು, ಅವನ ರಾಜಧಾನಿಯನ್ನೇ ನೆಲಸಮ ಮಾಡಿದ್ದೀಯ. ಚಿತ್ರ ಕೊಂಡ ಗಿರಾಕಿಯ ಮನೆಯನ್ನು ಅವನ ದುಡ್ಡಿನಲ್ಲೇ ಕೆಡವುವುದು ಯಾವ ಸೀಮೆಯ ನ್ಯಾಯವೋ? ಆ ಚಿತ್ರಗಳು ಆ ಊರೊಳಗೇ ಇದ್ದವಲ್ಲ! ನಿನ್ನ ತಲೆಗೆ ಅದೂ ಹೊಳೆಯಲಿಲ್ಲವೇ?

ಫೋನ್ ಮಾಡಿದರೆ, "ಗೆದ್ವಲ್ಲಕ್ಕಾ, ಖುಷಿ ಪಡು" ಅನ್ನುತ್ತೀಯ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಕೇಳಿದ್ದು ಆ ಗೆಲುವನ್ನಲ್ಲ. ನನ್ನ ಹೆಸರಿನಲ್ಲಿ ನನಗೆ ಬೇಡದ್ದನ್ನು ಮಾಡಿ, ಮೇಲೆ ನಾನು ಚಪ್ಪಾಳೆಯನ್ನೂ ತಟ್ಟಬೇಕೇ? ಅಂಗಡಿಗೆ ಬಂದವರು ಹಳೆಯ, ಮಾಸಿದ ಫೋಟೋ ಕೊಟ್ಟು ಕಟ್ಟು ಹಾಕಿ ಅಂದರೆ, ಇದು ಚೆನ್ನಾಗಿಲ್ಲವೆಂದು ಹರಿದುಹಾಕಿ ಹೊಸದೊಂದನ್ನು ಕೂರಿಸಿ ಕೊಡುತ್ತೇನೆಯೇ ನಾನು?

ಬೈದದ್ದು ಸಾಕು. ನಾನು ಮಲಗಿದ್ದಷ್ಟು ದಿನವೂ ಕೆಲಸಕ್ಕೆ ರಜೆ ಹಾಕಿ ಆಸ್ಪತ್ರೆಯ ಆ ಗಟ್ಟಿ ಬೆಂಚಿನ ಮೇಲೆ ಬೆನ್ನು ನೋಯಿಸಿಕೊಂಡು ಕೂತಿದ್ದೆಯಲ್ಲ, ಅದನ್ನು ನಾನು ಮರೆತಿಲ್ಲ. ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ನೀನು ಹತ್ತಿದ ಲಿಫ್ಟೆಲ್ಲ ನಿನ್ನನ್ನು ಕ್ಷೇಮವಾಗಿ ಕೆಳಗಿಳಿಸಲಿ, ಇಬ್ಬರೂ ನಗುನಗುತ್ತಾ ನೂರು ಕಾಲ ಬಾಳಿ.

ನಿನ್ನ
ಅಕ್ಕ

ಮರೆತದ್ದು: ಮರೆತದ್ದೇನೂ ಅಲ್ಲ, ಮೇಲಿನದನ್ನು ಬರೆಯುವಾಗ ನನಗೇ ಗೊತ್ತಿರಲಿಲ್ಲ. ಕಾಗದ ಮಡಿಸುತ್ತಿದ್ದಾಗ ನಿನ್ನ ಭಾವ ಬಂದು, "ಅವನಿಗೆ ಬೈಬೇಡ ಕಣೇ. ಗೆಲ್ಲೋದನ್ನ ನೀನು ಕಣ್ಣಾರೆ ನೋಡ್ಲಿ ಅಂತ ಹಂಗೆ ಮಾಡಿದ" ಎಂದರು. "ಯಾಕೆ, ನಿಧಾನವಾಗಿ ಗೆದ್ದಿದ್ರೆ ನಾನು ನೋಡ್ತಿರ್ಲಿಲ್ವಾ?" ಎಂದೆ. ಅವರು ಬಗ್ಗಿ ಒಡೆದ ಗಾಜು ಆಯತೊಡಗಿದರು. ಬಿಡದೆ ಕೇಳಿದೆ, ಅಳುತ್ತಲೇ ಹೇಳಿದರು. ಅಕ್ಕನಿಗೆ ಹೆಚ್ಚು ದಿನವಿಲ್ಲವೆಂದು ಡಾಕ್ಟರು ನಿಮ್ಮಿಬ್ಬರನ್ನೂ ಹೊರಗೆ ಕರೆದು ಹೇಳಿದರಂತೆ. ನನಗೆ ಹೇಳುವುದು ಬೇಡವೆಂದು ನೀವಿಬ್ಬರೂ ತೀರ್ಮಾನಿಸಿದಿರಂತೆ. ನನ್ನ ಜೀವದ ಸುದ್ದಿಯನ್ನು ನನ್ನಿಂದಲೇ ಮುಚ್ಚಿಟ್ಟಿರಲ್ಲೋ! ಅದಕ್ಕೆ ನನಗೆ ಚಿತ್ರ ಹೋದದ್ದಕ್ಕಿಂತ ಹೆಚ್ಚು ಹೊಟ್ಟೆ ಉರಿಯುತ್ತಿದೆ.

ಆಸ್ಪತ್ರೆಗೆ ಸೇರುವ ಹಿಂದಿನ ದಿನದ ಆಟ ಈ ಕಂಪ್ಯೂಟರಿನಲ್ಲಿ ಹಾಗೇ ಉಳಿದಿದೆ. ಅಲ್ಲಿಂದಲೇ ಮತ್ತೆ ಶುರು ಮಾಡಿದ್ದೇನೆ. ಇವತ್ತು ಇನ್ನೊಂದು ರಂಗಮಂದಿರಕ್ಕೆ ತಳಪಾಯ ಹಾಕಿ ಕಳಿಸಿದ್ದೇನೆ. ಈಗ ನಿನ್ನ ಸರದಿ. ಒಂದೇ ಒಂದು ಆಡು. ಆಟ ಅರ್ಧಕ್ಕೇ ನಿಂತರೆ ನಿಲ್ಲಲಿ, ನನ್ನ ಚಿತ್ರಗಳನ್ನು ಮುಟ್ಟಬೇಡ.