ಅಕ್ಕನ ಹಸಿರು

ಮನೆಯಿಂದ,
ತಾರೀಖು ೮, ಸೋಮವಾರ

ತಮ್ಮನಿಗೆ,

ನೀನು ಫೋನ್ ಎತ್ತದ ಕಾರಣ ನಾನು ಪೆನ್ನು ಹಿಡಿಯಬೇಕಾಗಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಲಿ ಕಾಗದ ಬರೆಸುತ್ತೀಯಲ್ಲ, ನಿನಗೆ ಬುದ್ಧಿ ಇದೆಯೇ? ಕತ್ತರಿ ಹಿಡಿದ ಬೆರಳು, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಕೆಮ್ಮು ಹೇಗಿದೆ? ಬಣ್ಣ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ, ಅದಕ್ಕೂ ಹೇಳುವವರು ಬೇಕೋ? ನನ್ನ ಮಂಡಿ ಹಾಗೇ ಇದೆ.

ಈಗ ವಿಷಯ. ಮನುಷ್ಯ ಬಾಗಿಲಲ್ಲಿ ನಿಂತರೆ ಸಾಕು, ಟೇಪು ಮುಟ್ಟದೆ ಅವನ ಕೋಟು ಕತ್ತರಿಸುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ಒಂದು ತೋಳು ತಪ್ಪಿಲ್ಲ. ಆದರೆ ಹೊಲಿಗೆ ಅಂಗಡಿಯ ಹೊಸಿಲು ದಾಟಿದೆನೋ, ಮನೆ ಯಾವ ಕಡೆ ಎಂದು ತಲೆ ಕಲಸಿಹೋಗುತ್ತದೆ. ಇದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ದಾರಿಯಲ್ಲಿ ತಿರುವಿಗೊಂದು, ನಮ್ಮ ಬಾಗಿಲ ಪಕ್ಕ ಒಂದು, ಹೆಬ್ಬೆರಳಷ್ಟು ಹಸಿರು ಕಲೆ ಇತ್ತು. ಯಾರೋ ಬ್ರಷ್ ಒರೆಸಿದ್ದು ಎಂದುಕೊಂಡು ಕಲೆ ಇದ್ದ ಕಡೆ ತಿರುಗುತ್ತಿದ್ದೆ. ನನ್ನ ಜಾಣತನ ಎಂದು ಒಳಗೊಳಗೇ ಬೀಗುತ್ತಿದ್ದೆ.

ಹೋದ ಮಂಗಳವಾರ ಗೋಡೆಗಳಿಗೆಲ್ಲ ಸುಣ್ಣ ಹೊಡೆದರು. ಇಲ್ಲಿ ಎಲ್ಲ ಮನೆಗೂ ಒಂದೇ ಥರದ ಬಾಗಿಲು, ನಿನಗೇ ಗೊತ್ತು. ಸಂಜೆ ಬಂದೆ, ಚಪ್ಪಲಿ ಬಿಟ್ಟೆ, ಕೊಡೆಯನ್ನು ಮೊಳೆಗೆ ಹಾಕಿದೆ. ನೋಡಿದರೆ ಮುಖದ ತುಂಬ ಸೋಪಿನ ನೊರೆ ಬಳಿದುಕೊಂಡು ಗಂಡಸೊಬ್ಬ ನನ್ನ ಕುರ್ಚಿಯಲ್ಲಿ ಕೂತಿದ್ದಾನೆ. ಕಳ್ಳ ಬಂದು ಗಡ್ಡ ಹೆರೆದುಕೊಳ್ಳುತ್ತಾನೆಯೇ ಎಂದು ಕೂಡ ನನಗೆ ಹೊಳೆಯಲಿಲ್ಲ. “ಏಳೋ ಮೇಲೆ, ಯಾರ ಮನೆ ಅಂದ್ಕೊಂಡಿದ್ದೀಯ?” ಎಂದು ಕೊಡೆ ಎತ್ತಿದೆ. “ನಂದೇ ಅಂದ್ಕೊಂಡಿದ್ದೆ ಅಕ್ಕಾ,” ಅಂದ. ನೊರೆ ಒರೆಸಿಕೊಂಡ ಮೇಲೆ ಗೊತ್ತಾಯಿತು, ಬಣ್ಣದ ಅಂಗಡಿಯವನು, ನಾನು ನುಗ್ಗಿದ್ದು ಅವನ ಮನೆಗೆ.

ಅವನು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. “ಸುಣ್ಣ ಹೊಡೆದ್ರಲ್ಲ, ಅಕ್ಕನ ಹಸಿರು ಹೋಯ್ತು,” ಅಂದ. ಆ ಕಲೆ ಮಾಸದಂತೆ ಹಚ್ಚಲು ನೀನು ವರ್ಷಾವರ್ಷ ಅವನ ಅಂಗಡಿಯಿಂದ ಒಂದು ಸಣ್ಣ ಡಬ್ಬಿ ಒಯ್ಯುತ್ತಿದ್ದೆಯಂತೆ, “ಅಕ್ಕನ ಹಸಿರು ಕೊಡಪ್ಪಾ” ಎಂದೇ ಕೇಳುತ್ತಿದ್ದೆಯಂತೆ. ಅವನ ಹೊಸಿಲ ಮೇಲೇ ಕೂತುಬಿಟ್ಟೆ. ಆರು ದಿನದಿಂದ ನಿನಗೆ ಫೋನ್ ಮಾಡುತ್ತಲೇ ಇದ್ದೇನೆ. ನಿನ್ನಿಂದ ನನಗೆ ಕಡ್ಡಿಯಷ್ಟೂ ಉಪಯೋಗವಾಗಿಲ್ಲ ಎಂದು ನಿನ್ನ ಪೆಟ್ಟಿಗೆ ಹೊರಗಿಟ್ಟವಳು ನಾನು. ಅವತ್ತಾದರೂ ಬಾಯಿ ಬಿಡಬಾರದಿತ್ತೇನೋ, ಕಳ್ಳ?

ಗಟ್ಟಿಯಾಗಿರು, ಹೊಟ್ಟೆ ತುಂಬ ಉಣ್ಣು.

ನಿನ್ನ ಅಕ್ಕ

ಇನ್ನೊಂದು: ಬಣ್ಣದ ಅಂಗಡಿಯವನು ತಾನೇ ಹೊಸದಾಗಿ ಹಚ್ಚಿಕೊಡುತ್ತೇನೆ ಅಂದ. ಬೇಡ ಅಂದೆ. ಅವತ್ತಿನಿಂದ ಕೆಲಸಕ್ಕೆ ಹೋಗಿಲ್ಲ. ತಿಂಗಳು ಕಳೆದರೆ ಮಾಲೀಕರು ನನ್ನ ಜಾಗಕ್ಕೆ ಬೇರೆಯವಳನ್ನು ಕೂರಿಸುತ್ತಾರೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ನೀನು ಬಾರದಿದ್ದರೆ ನಾನೇ ಹುಡುಕಿಕೊಂಡು ಹೊರಡುತ್ತೇನೆ, ಆಮೇಲೆ ನನ್ನನ್ನು ಹುಡುಕುತ್ತಾ ನೀನು ಅಲೆ. ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಬರಬೇಕು.