ಕ್ಯಾಸೆಟ್ಟಿನಲ್ಲಿ ಮಾತಿಲ್ಲದ ಜಾಗ

ಅಂಗವೈಕಲ್ಯ ಭತ್ಯೆಯನ್ನು ಕೊಡುವ, ಕಿತ್ತುಕೊಳ್ಳುವ ತೀರ್ಮಾನಾಧಿಕಾರಿಗಳೇ, ಮಾನ್ಯರೇ,

ನನ್ನ ತಂಗಿ ಮೇವಿಸ್ ಟೌನ್ಲಿ "ದೂರೋ ಹಂಗೇನಿಲ್ಲ" ಅಂದಳೆಂದು ತಾವು ಅವಳ ಭತ್ಯೆಯನ್ನು ನಿಲ್ಲಿಸಿದ್ದೀರಿ. ಇದೇ ಮಾರ್ಚ್ ಇಪ್ಪತ್ತೆರಡಕ್ಕೆ ಅವಳ ಬಾಗಿಲಿಗೆ ಜನ ಬಂದು, ಆ ಭತ್ಯೆಯ ಬಲದಿಂದಲೇ ನಿಂತಿರುವ ಪುಟ್ಟ ನೀಲಿ ಕಾರನ್ನು ಎತ್ತಿಕೊಂಡು ಹೋಗುತ್ತಾರಂತೆ. ಬೆರಳು ಮಡಚಲಾಗದವರಿಗೆಂದೇ ಸಜ್ಜು ಮಾಡಿದ ಕಾರದು. ಗುಂಡಿ ಒತ್ತಿದರೆ ಹೊರಡುತ್ತದೆ, ಮೊಣಕೈಯಿಂದ ಒತ್ತಿದರೆ ನಿಲ್ಲುತ್ತದೆ. ತಮ್ಮ ವರದಿಯ ಆರನೆಯ ಪುಟದಲ್ಲಿ ಒಂದು ರತ್ನದಂಥ ವಾಕ್ಯವಿದೆ: "ಅರ್ಜಿದಾರರು ಸ್ವತಃ ಕಾರು ಓಡಿಸುತ್ತಾರೆ, ಆದ್ದರಿಂದ ಕೈಗಳ ಹಿಡಿತ ಸಮರ್ಪಕವಾಗಿದೆ." ಅಂದರೆ, ಕೈ ಸರಿಯಿಲ್ಲವೆಂದು ಕೊಟ್ಟ ಕಾರನ್ನು ಓಡಿಸುತ್ತಿರುವುದರಿಂದ ಕೈ ಸರಿಯಿದೆ, ಕೈ ಸರಿಯಿರುವುದರಿಂದ ಕಾರು ಬೇಕಿಲ್ಲ. ಮೂವತ್ತೊಂದು ಚಳಿಗಾಲ ನಾನು ಈ ಮೊರ್ಕಾಂಬ್ ಊರಿನ ರಂಗಮಂದಿರದಲ್ಲಿ ಕ್ರಿಸ್‌ಮಸ್ ನಗೆನಾಟಕಗಳಲ್ಲಿ ಸೀರಿಯಸ್ಸಾಗಿ ಹೆಣ್ಣುವೇಷ ಕಟ್ಟಿದವನು. ಮಲತಾಯಿಯಾಗಿ ಗದರಿಸಿದ್ದೇನೆ, ವಿಧವೆ ಅಡುಗೆಯವಳಾಗಿ ಹಿಟ್ಟಿನಲ್ಲಿ ಬಿದ್ದು ಹೊರಳಿದ್ದೇನೆ. ಇಷ್ಟು ಚೆನ್ನಾದ ಹಾಸ್ಯದ ಸಾಲನ್ನು ಯಾವ ನಾಟಕದವರೂ ನನಗೆ ಬರೆದುಕೊಟ್ಟಿರಲಿಲ್ಲ.

ಆದರೆ ಮೊದಲು ಆ "ದೂರೋ ಹಂಗೇನಿಲ್ಲ"ದ ವಿಚಾರ ಇತ್ಯರ್ಥವಾಗಲಿ. ಸ್ವಾಮಿ, ತಾವು ಹುಟ್ಟಿದ್ದು ಈ ದೇಶದಲ್ಲೇ ತಾನೇ? ಈ ಕರಾವಳಿಯಲ್ಲಿ ಹೇಗಿದ್ದೀರಿ ಎಂದು ಕೇಳಿದವರಿಗೆ ಹೇಗಿದ್ದೇವೆಂದು ಹೇಳಿಬಿಟ್ಟ ಒಬ್ಬನನ್ನಾದರೂ ತಾವು ಕಂಡಿದ್ದೀರಾ? ನಮ್ಮಪ್ಪ ಸಾಯುವ ಹಿಂದಿನ ದಿನ ಡಾಕ್ಟರಿಗೆ "ಪರವಾಗಿಲ್ಲ, ನೀವು ಹೇಗಿದ್ದೀರಿ?" ಎಂದು ಕೇಳಿ, ಡಾಕ್ಟರು ತಮ್ಮ ಬೆನ್ನುನೋವಿನ ಕಥೆ ಹೇಳುವಾಗ ಅಯ್ಯೋ ಪಾಪ ಅಂದವರು. ನಮ್ಮಮ್ಮ ಮೆಟ್ಟಿಲಿಂದ ಉರುಳಿ ಸೊಂಟ ಮುರಿದುಕೊಂಡು ಕೆಳಗೆ ಬಿದ್ದಿದ್ದಾಗ, ಬಾಗಿಲು ತಟ್ಟಿದ ಪಕ್ಕದ ಮನೆಯಾಕೆಗೆ "ಈಗ ಸ್ವಲ್ಪ ಕೆಲಸ ಇದೆ, ಆಮೇಲೆ ಬಾ" ಅಂದಿದ್ದರು. ಇಂಥವರ ಮಗಳು ಮೇವಿಸ್. ಹದಿನೇಳು ವರ್ಷ ಸಿಗಡಿ ಬಿಡಿಸಿದಳು, ಹದಿನಾಲ್ಕು ವರ್ಷ ಶಾಲೆಯ ಅಡುಗೆಮನೆಯಲ್ಲಿ ಹಂಡೆ ಎತ್ತಿದಳು. ಐವತ್ತಕ್ಕೆ ಸಂಧಿವಾತ ಹಿಡಿದು ಬೆರಳುಗಳು ಒಂದು ಕಡೆಗೆ ವಾಲಿಕೊಂಡವು. ಈಗ ಅರವತ್ತೊಂದು. ಅವಳ ಬಾಯಿಂದ ನೋವಿನ ಮಾತು ಬರಬೇಕಾದರೆ ತಾವು ತಪಾಸಣೆಗೆ ನರ್ಸನ್ನಲ್ಲ, ಸೇನೆಯನ್ನು ಕಳಿಸಬೇಕು.

ತಪಾಸಣೆಗೆ ಬಂದ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಗಾಳಿಗೆ ಕೂದಲೆಲ್ಲ ಕೆದರಿ, ಲ್ಯಾಪ್‌ಟಾಪನ್ನು ಕೂಸಿನಂತೆ ಎದೆಗೊತ್ತಿಕೊಂಡು ಬಂದಿತ್ತು ಪಾಪ. ದಿನಕ್ಕೆ ಐದು ಮನೆಯಂತೆ. ಕೂತವಳೇ ತೆರೆಯ ಮೇಲೆ ಕಣ್ಣು ನೆಟ್ಟಳು, ಹೋಗುವ ತನಕ ಎತ್ತಲಿಲ್ಲ.

"ಹೇಗಿದ್ದೀರಿ ಮೇವಿಸ್?"

"ದೂರೋ ಹಂಗೇನಿಲ್ಲಮ್ಮ. ನೀನ್ ಹೇಗಿದ್ದೀಯ? ಎಷ್ಟು ಗಾಳಿ ಹೊರಗೆ. ಇರು, ಟೀ ಇಡ್ತೀನಿ."

ಇಷ್ಟೇ ಆದದ್ದು. ವರದಿಯಲ್ಲಿ ಇದು "ಅರ್ಜಿದಾರರಿಗೆ ದೂರುಗಳಿಲ್ಲ. ಬಿಸಿ ಪಾನೀಯ ತಯಾರಿಸಬಲ್ಲರು" ಎಂದಾಗಿದೆ. ಟೀ ಇಟ್ಟವನು ನಾನು. ಎಂಟು ವರ್ಷದಿಂದ ಆ ಮನೆಯಲ್ಲಿ ನೀರಿನ ಕೆಟಲ್ಲು ಎತ್ತುವವನು ನಾನು. "ಟೀ ಇಡ್ತೀನಿ" ಎಂಬುದು ನಮ್ಮಲ್ಲಿ ಬಾಗಿಲಿಗೆ ಬಂದವರಿಗೆ ಮಾಡುವ ನಮಸ್ಕಾರ ಸ್ವಾಮಿ, ಸ್ನಾಯುಬಲದ ಪ್ರಮಾಣಪತ್ರವಲ್ಲ. ನಾಳೆ ತಾವು ಯಾರಿಗಾದರೂ ಪತ್ರ ಬರೆದು ಕೆಳಗೆ "ತಮ್ಮ ವಿಧೇಯ ಸೇವಕ" ಎಂದು ಸಹಿ ಹಾಕಿದರೆ, ಆತ ಬಂದು ತಮ್ಮ ಕೈಯಲ್ಲಿ ಬೂಟು ಒರೆಸಿಸಿಕೊಳ್ಳಬಹುದೇ?

ಇಂಥದ್ದು ನಡೆಯಬಹುದೆಂದು ನನಗೆ ಮೊದಲೇ ಗುಮಾನಿ ಇತ್ತು. ಆದ್ದರಿಂದಲೇ ಹದಿನೈದು ದಿನ ಮುಂಚೆ ತಮ್ಮ ಕಚೇರಿಗೆ ಫೋನು ಹಚ್ಚಿ, ತಪಾಸಣೆಯ ಧ್ವನಿಮುದ್ರಣ ಬೇಕೆಂದು ಕೇಳಿದೆ.

"ಮೊಬೈಲಲ್ಲಿ ಮಾಡ್ಕೋಬಹುದಾಮ್ಮ?"

"ಇಲ್ಲ ಸರ್. ಒಂದೇ ಸಲಕ್ಕೆ ಎರಡು ಕ್ಯಾಸೆಟ್ ಆಗೋ ಮಷೀನೇ ಆಗ್ಬೇಕು. ಒಂದು ನಿಮಗೆ, ಒಂದು ನಮಗೆ. ಮಷೀನು ನೀವೇ ತರ್ಬೇಕು."

"ಕ್ಯಾಸೆಟ್ಟಾ? ಈ ಕಾಲದಲ್ಲಿ ಅದೆಲ್ಲಿ ಸಿಗುತ್ತೆ?"

"ಅದು ನಮಗೆ ಗೊತ್ತಿರಲ್ಲ ಸರ್."

"ನಿಮ್ಮ ಆಫೀಸಲ್ಲಿ ಇದೆಯಾ ಅಂಥ ಮಷೀನು?"

"ಇಲ್ಲ ಸರ್."

"ಹಾಗಾದ್ರೆ ನಾನು ಕೊಟ್ಟ ಕ್ಯಾಸೆಟ್ಟನ್ನ ಯಾವುದ್ರಲ್ಲಿ ಕೇಳ್ತೀರಮ್ಮ?"

ಆ ಕಡೆ ಟೈಪು ಮಾಡುವ ಸದ್ದು. ಆಮೇಲೆ, "ಇನ್ನೇನಾದ್ರೂ ಸಹಾಯ ಬೇಕಿತ್ತಾ ಸರ್?"

ತಮ್ಮ ದುರದೃಷ್ಟಕ್ಕೆ, ಅಂಥ ಯಂತ್ರ ಈ ಜಿಲ್ಲೆಯಲ್ಲಿ ಯಾರ ಬಳಿಯಾದರೂ ಇದ್ದರೆ ಅದು ನಮ್ಮ ರಂಗಮಂದಿರದ ಅಟ್ಟದಲ್ಲೇ. ಎರಡು ಕ್ಯಾಸೆಟ್ಟಿನ ಭೀಮಕಾಯ. ಬಿರುಗಾಳಿ, ಗುಡುಗು, ಕುದುರೆ ಖುರಪುಟ, ಎಲ್ಲವನ್ನೂ ಅದರಿಂದಲೇ ಹೊರಡಿಸುತ್ತಿದ್ದೆವು. ಧೂಳು ಕೊಡವಿ, ಹೊತ್ತು ತಂದು, ಮೇವಿಸಳ ಮೇಜಿನ ಮೇಲೆ ಪ್ರತಿಷ್ಠಾಪಿಸಿದೆ. ಹೊಸ ಕ್ಯಾಸೆಟ್ಟು ಎಲ್ಲೂ ಸಿಗದೆ ನಾಟಕದ ಹಳೆಯ ಕ್ಯಾಸೆಟ್ಟುಗಳ ಮೇಲೆಯೇ ಮುದ್ರಿಸಿದ್ದು ನಿಜ. ಆದ್ದರಿಂದ ಮೇವಿಸ್ ಆ ಹುಡುಗಿಗೆ "ಹುಷಾರಾಗಿ ಹೋಗಮ್ಮ" ಅಂದ ಮರುಕ್ಷಣವೇ ಒಂದು ಹಡಗು ಮುಳುಗುತ್ತದೆ, ಆರು ನೂರು ಜನ ಚಪ್ಪಾಳೆ ತಟ್ಟುತ್ತಾರೆ. ಇದಕ್ಕೆ ತಮ್ಮ ಕಚೇರಿ ಬರೆದ ಉತ್ತರವನ್ನು ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದೇನೆ: "ತಪಾಸಣೆಯ ವೇಳೆ ಅನುಮತಿಯಿಲ್ಲದ ವ್ಯಕ್ತಿಗಳು ಹಾಜರಿದ್ದಂತೆ ಕಂಡುಬರುತ್ತದೆ." ಮೇವಿಸಳ ಮುಂದಿನ ಕೋಣೆಯಲ್ಲಿ ನಾಲ್ಕು ಜನ ಕೂತರೆ ಐದನೆಯವರು ಕಿಟಕಿಯಲ್ಲಿ ನಿಲ್ಲಬೇಕು, ಸ್ವಾಮಿ. ಆರು ನೂರು ಜನ ಎಲ್ಲಿ ಕೂತಿದ್ದರು, ಅಲಮಾರಿಯಲ್ಲೇ?

ಇರಲಿ. ಎಲ್ಲಿಂದಲೋ ಯಂತ್ರ ಹುಡುಕಿಸಿ, ಯಾರಿಂದಲೋ ಟೈಪು ಮಾಡಿಸಿ, ಇಡೀ ಕ್ಯಾಸೆಟ್ಟನ್ನು ಒಂಬತ್ತು ಹಾಳೆಗಳಿಗೆ ಇಳಿಸಿದ್ದೀರಿ. ಮರುಪರಿಶೀಲನೆಯಲ್ಲಿ ಆ ಹಾಳೆಗಳನ್ನು ಓದಿ, "ಧ್ವನಿಮುದ್ರಣವು ವರದಿಗೆ ಪೂರ್ತಿಯಾಗಿ ಹೊಂದುತ್ತದೆ" ಎಂದು ನನಗೇ ನನ್ನ ಸಾಕ್ಷಿಯನ್ನು ತಿರುಗಿಸಿ ಹೊಡೆದಿದ್ದೀರಿ. ಪೆಟ್ಟು ಸರಿಯಾಗಿಯೇ ಬಿತ್ತೆಂದು ಒಪ್ಪುತ್ತೇನೆ. ಹೌದು, ಕ್ಯಾಸೆಟ್ಟಿನಲ್ಲಿ ಮೇವಿಸ್ ಆಡಿದ್ದು ಅದೇ ಮಾತು. ಎರಡು ದಿನ ಮಂಕಾಗಿ ಕೂತಿದ್ದೆ. ಮೂರನೆಯ ದಿನ ತಮ್ಮ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಪ್ರತಿಯನ್ನು ಯಂತ್ರಕ್ಕೆ ಹಾಕಿ, ತಾಲೀಮಿನಲ್ಲಿ ಕೂತಂತೆ ಸಾಲು ಸಾಲಾಗಿ ನೋಡುತ್ತಾ ಹೋದೆ. ನಾಲ್ಕನೆಯ ಹಾಳೆಯಲ್ಲಿ ಹೀಗಿದೆ:

ತಪಾಸಕಿ: ಒಂದು ಸಲ ಎದ್ದು ನಿಲ್ಲುತ್ತೀರಾ?

ಅರ್ಜಿದಾರರು: ಆಗಲಮ್ಮ.

ಅರ್ಜಿದಾರರು: ನೋಡು, ಎದ್ದೆ.

ಕಾಗದದ ಮೇಲೆ ಎಷ್ಟು ಚುರುಕು. ಚಿಗರೆ ನೆಗೆದಂತಿದೆ. ಕ್ಯಾಸೆಟ್ಟಿನಲ್ಲಿ "ಆಗಲಮ್ಮ"ಕ್ಕೂ "ಎದ್ದೆ"ಗೂ ನಡುವೆ ಒಂದು ನಿಮಿಷ ಐವತ್ತು ಸೆಕೆಂಡು ಇದೆ. ಗಡಿಯಾರ ಹಿಡಿದು ಮೂರು ಸಲ ಎಣಿಸಿದ್ದೇನೆ. ಕುರ್ಚಿಯ ತೋಳು ಎರಡು ಸಲ ಕಿರುಗುಟ್ಟುತ್ತದೆ. ಉಸಿರು ಒಳಗೆ ಹೋಗುತ್ತದೆ, ತುಂಬ ಹೊತ್ತು ಹೊರಗೆ ಬರುವುದಿಲ್ಲ. ಊರುಗೋಲು ನೆಲಕ್ಕೆ ಬೀಳುತ್ತದೆ. "ತಪ್ಪಾಯ್ತಮ್ಮ" ಎಂದು ಮೇವಿಸ್ ನಾಲ್ಕು ಸಲ ಪಿಸುಗುಡುತ್ತಾಳೆ, ಅದನ್ನು ತಮ್ಮ ಟೈಪಿನವರು ಮಾತೆಂದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಎರಡು ಹೆಜ್ಜೆಯ ಸದ್ದು ಬರುತ್ತದಲ್ಲ, ಅದು ನನ್ನದು. ಅವಳ ಕಂಕುಳಿಗೆ ಕೈಕೊಟ್ಟು ಎತ್ತಿದವನು ನಾನು. ಜೊತೆಗಿದ್ದವರು ಮಾತಾಡಬಾರದೆಂಬ ನಿಯಮಕ್ಕೆ ತಲೆಬಾಗಿ ತೆಪ್ಪಗಿದ್ದೆ. ಕೊನೆಯ ಸಾಲಿನ ಕಿವುಡಜ್ಜಿಗೂ ಕೇಳುವಂತೆ ಮೂವತ್ತೊಂದು ವರ್ಷ ಗರ್ಜಿಸಿದ ಈ ಗಂಟಲು, ಬಾಯಿ ಬಿಡಲೇಬೇಕಾಗಿದ್ದ ಅದೊಂದು ದಿನ ಸಭ್ಯತೆ ಕಲಿತುಬಿಟ್ಟಿತು. ವರದಿಯಲ್ಲಿ "ಸಹಾಯವಿಲ್ಲದೆ ಎದ್ದರು" ಎಂದು ಬಂದಿರುವುದರಲ್ಲಿ ಅರ್ಧ ಪಾಪ ನನ್ನದು.

ನಾಟಕದವರಿಗೆ ಗೊತ್ತಿರುವ ಒಂದು ಸಂಗತಿ ಕಚೇರಿಯವರಿಗೆ ಯಾಕೆ ಗೊತ್ತಿಲ್ಲ? ನಮ್ಮ ನಾಟಕದ ಪ್ರತಿಯಲ್ಲಿ ಮೌನಕ್ಕೂ ಒಂದು ಸಾಲಿರುತ್ತದೆ. ರಾಜ ಸಿಂಹಾಸನದಿಂದ ಏಳಲು ಎರಡು ನಿಮಿಷ ತೆಗೆದುಕೊಂಡರೆ, "ನಾನು ಗಟ್ಟಿಮುಟ್ಟಾಗಿದ್ದೇನೆ" ಎಂದು ಅವನು ಎಷ್ಟೇ ಗರ್ಜಿಸಲಿ, ಮೂರನೆಯ ಸಾಲಿನಲ್ಲಿ ಮಿಠಾಯಿ ಚೀಪುತ್ತಿರುವ ಮಗುವಿಗೂ ಸತ್ಯ ಗೊತ್ತಾಗುತ್ತದೆ. ತಾವು ಮಾತನ್ನು ಟೈಪು ಮಾಡಿಸಿದಿರಿ. ಉಳಿದದ್ದೆಲ್ಲ ಖಾಲಿ ಜಾಗವೆಂದು ಬಿಟ್ಟಿರಿ. ಮೇವಿಸಳ ಕಾಯಿಲೆ ಇರುವುದು ಪೂರ್ತಿ ಆ ಖಾಲಿ ಜಾಗದಲ್ಲೇ.

ಮುಂದಿನ ವಿಚಾರಣೆ ಅಂತೇನಾದರೂ ಬಂದರೆ ಇರಲಿ ಎಂದು, ಕಳೆದ ಭಾನುವಾರ ಅವಳಿಗೆ ತಾಲೀಮು ಕೊಡಲು ಕೂರಿಸಿಕೊಂಡೆ. ಕನ್ನಡಕ ಮೂಗಿನ ತುದಿಗಿಳಿಸಿ, ತಮ್ಮ ಗತ್ತನ್ನು ಆವಾಹಿಸಿಕೊಂಡೆ.

"ಹೇಗಿದ್ದೀರಿ ಮೇವಿಸ್?"

"ಪರವಾಗಿಲ್ಲ."

"ಅಲ್ಲ ಕಣೇ. ಕಷ್ಟ ಆಗ್ತಿದೆ ಅನ್ನು."

"ಗುರುತಿಲ್ಲ ಪರಿಚಯ ಇಲ್ಲ, ಬಂದವರ ಮುಂದೆ ಹಾಗನ್ನೋಕಾಗುತ್ತೇನೋ?"

"ಅದನ್ನ ಕೇಳೋಕೇ ತಾನೇ ಅವರು ಬರೋದು?"

"ಪಾಪ, ಅವರ ಮನೇಲಿ ಏನೇನು ಕಷ್ಟ ಇದೆಯೋ. ನೀನೊಬ್ಬ, ಎಲ್ಲಾದಕ್ಕೂ ನಾಟಕ."

"ನಾಟಕ ಮಾಡ್ತಿರೋಳು ನೀನು. ನನಗಿಂತ ದೊಡ್ಡ ಕಲಾವಿದೆ. ಇನ್ನೊಂದ್ಸಲ. ಹೇಗಿದ್ದೀರಿ?"

"ಹೀಗೇ ನಡೀತಿದೆ."

ಹನ್ನೊಂದು ಸಲ ಆಯಿತು. ಹನ್ನೆರಡನೆಯ ಸಲಕ್ಕೆ ನನ್ನ ಗತ್ತು ಕಳಚಿಬಿತ್ತು. ಕನ್ನಡಕ ತೆಗೆದು, ಸುಮ್ಮನೆ ಅಣ್ಣನಾಗಿ ಕೇಳಿದೆ, "ಹೇಗಿದ್ದೀಯೇ?"

ಅವಳು ತೊಡೆಯ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. "ಬೆಳಿಗ್ಗೆ ಬಟ್ಟೆ ಹಾಕ್ಕೊಳ್ಳೋಕೆ ಒಂದು ಗಂಟೆ ಬೇಕು ಕ್ಲಿಫ್. ಮಂಗಳವಾರ, ಶುಕ್ರವಾರ ಲ್ಯಾಂಕಾಸ್ಟರಲ್ಲಿ ಆ ಬಿಸಿನೀರಿನ ಕೊಳಕ್ಕೆ ಇಳಿದಾಗ ಮಾತ್ರ ಈ ಕೈ ಬಿಚ್ಕೊಳ್ಳುತ್ತೆ. ಆ ಅರ್ಧ ಗಂಟೆ ಇವು ನನ್ನ ಕೈ ಅನ್ಸುತ್ತೆ. ಕಾರ್ ಹೋದ್ರೆ ಎರಡು ಬಸ್ ಹತ್ತಿ ಇಳೀಬೇಕು. ನನ್ನ ಕೈಲಾಗಲ್ಲ."

ಯಂತ್ರ ಪಕ್ಕದಲ್ಲೇ ಇತ್ತು. ಗುಂಡಿ ಒತ್ತಿರಲಿಲ್ಲ. ಈ ಮಾತು ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಈ ಪತ್ರದ ಜೊತೆ ಪತ್ರಿಕೆಯಲ್ಲಿ ಅಚ್ಚು ಹಾಕಿಸಲೇ ಎಂದು ಕೇಳಿದ್ದಕ್ಕೆ ಒಂದು ದಿನ ಯೋಚಿಸಿ, "ಹಾಕು, ಆದ್ರೆ ಫೋಟೋ ಬೇಡ" ಅಂದಿದ್ದಾಳೆ.

ಹೀಗಿರಲು, ಮಾನ್ಯರೇ, ನನ್ನ ಕೋರಿಕೆ ದೊಡ್ಡದೇನಲ್ಲ. ಐವತ್ತೆರಡು ನಿಮಿಷ. ಹಾಳೆಗಳನ್ನು ಪಕ್ಕಕ್ಕಿಟ್ಟು, ಕೈಗಡಿಯಾರ ಮುಂದಿಟ್ಟುಕೊಂಡು, ತಾವೇ ಖುದ್ದಾಗಿ ಆ ಕ್ಯಾಸೆಟ್ಟನ್ನು ಕೇಳಬೇಕು. ಕೇಳಿ, ತೀರ್ಮಾನವನ್ನು ತಿದ್ದುವವರೆಗೆ ಕಾರು ನಿಂತಲ್ಲೇ ನಿಂತಿರಲಿ. ಮುಂದೆ ತಪಾಸಣೆಗೆ ಯಾರನ್ನೇ ಕಳಿಸಿದರೂ ಯಂತ್ರವನ್ನು ಕಚೇರಿಯೇ ಕೊಟ್ಟು ಕಳಿಸಲಿ, ಎಲ್ಲರ ಮನೆಯಲ್ಲೂ ಅದು ತಾನಾಗಿಯೇ ಓಡಲಿ. ನಾಟಕದವನು ಅಣ್ಣನಾಗಿ ಸಿಕ್ಕವರಿಗಷ್ಟೇ ನ್ಯಾಯವೆಂದರೆ ಉಳಿದವರು ಎಲ್ಲಿಗೆ ಹೋಗಬೇಕು? ಬಂದವರು ತಾವು ಬರೆದುಕೊಂಡದ್ದನ್ನು ಹೊರಡುವ ಮುಂಚೆ ಒಮ್ಮೆ ಗಟ್ಟಿಯಾಗಿ ಓದಿ ಹೇಳಲಿ. "ಬಿಸಿ ಪಾನೀಯ ತಯಾರಿಸಬಲ್ಲರು" ಎಂದು ಓದಿದ್ದರೆ ಆ ಹುಡುಗಿಗೂ ನಗು ಬರುತ್ತಿತ್ತು.

ಯಂತ್ರವಿಲ್ಲವೆಂಬ ಚಿಂತೆ ಬೇಡ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅದನ್ನು ಹೊತ್ತುಕೊಂಡು ತಮ್ಮ ಕಚೇರಿಗೆ ಬರುತ್ತಿದ್ದೇನೆ. ನನಗೆ ಕಾರು ಓಡಿಸಲು ಬರುವುದಿಲ್ಲ, ಮೇವಿಸಳೇ ಕರೆತರುತ್ತಾಳೆ. ಒಳಗೆ ಬರುವಾಗ ಅವಳಿಗೆ ತಡವಾಗುತ್ತದೆ, ಬಾಗಿಲು ಹಿಡಿದುಕೊಳ್ಳಲು ಯಾರಿಗಾದರೂ ಹೇಳಿಟ್ಟಿರಿ. ಎದುರು ಕೂತಾಗ ಹೇಗಿದ್ದೀರಿ ಎಂದು ತಾವು ಕೇಳುತ್ತೀರಿ, ಅದು ಸೌಜನ್ಯ. ಅವಳು ಏನನ್ನುತ್ತಾಳೆಂದು ತಮಗೀಗ ಗೊತ್ತು. ದಯವಿಟ್ಟು ಬರೆದುಕೊಳ್ಳಬೇಡಿ.

ಇಂತಿ,
ಬಾಯಿ ಬಿಡಬೇಕಾದ ದಿನ ಬಿಡದೆ, ಈಗ ಊರಿಗೆಲ್ಲ ಕೇಳುವಂತೆ ಕೂಗುತ್ತಿರುವ
ಕ್ಲಿಫರ್ಡ್ ಬ್ರೇತ್‌ವೇಟ್
ನಿವೃತ್ತ ಮಲತಾಯಿ, ಮೊರ್ಕಾಂಬ್